ಹಿಮ ಒತ್ತುತ್ತದೆ, ಗಾಳಿ ಎತ್ತುತ್ತದೆ: ಚಾವಣಿಯ ಲೆಕ್ಕ ಹೇಗೆ?

2010ರ ಡಿಸೆಂಬರ್ 12, ಭಾನುವಾರ. ನಸುಕಿನ 5 ಗಂಟೆಯ ಸುಮಾರಿಗೆ ಅಮೆರಿಕದ ಮಿನಿಯಾಪೊಲಿಸ್ ನಗರದ ಮೆಟ್ರೋಡೋಮ್ ಕ್ರೀಡಾಂಗಣದ ಚಾವಣಿ ಹರಿದು, ಅದರ ಮೇಲಿದ್ದ ಹಿಮವೆಲ್ಲ ಆಟದ ಮೈದಾನಕ್ಕೆ ಸುರಿಯಿತು. ಒಳಗೆ ಪ್ರೇಕ್ಷಕರಿರಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಒಳಗಿದ್ದ ಕ್ಯಾಮೆರಾಗಳು ಇಡೀ ದೃಶ್ಯವನ್ನು ಸೆರೆಹಿಡಿದವು. ಆ ವಾರದ ಫುಟ್‌ಬಾಲ್ ಪಂದ್ಯವನ್ನು ಡೆಟ್ರಾಯಿಟ್ ನಗರಕ್ಕೆ ಸ್ಥಳಾಂತರಿಸಬೇಕಾಯಿತು.

ಆ ಚಾವಣಿ ಕಾಂಕ್ರೀಟಿನದ್ದಲ್ಲ, ಕಬ್ಬಿಣದ್ದೂ ಅಲ್ಲ. ಗಾಜಿನ ನಾರಿನಿಂದ ನೇಯ್ದು ಟೆಫ್ಲಾನ್ ಲೇಪಿಸಿದ ಬಟ್ಟೆ. ಒಳಗಿನಿಂದ ದೊಡ್ಡ ಫ್ಯಾನುಗಳು ಗಾಳಿ ಊದಿ ಅದನ್ನು ಬಲೂನಿನಂತೆ ಎತ್ತಿ ಹಿಡಿದಿದ್ದವು. ಹಿಮ ಬಿದ್ದಾಗ ಬಿಸಿಗಾಳಿ ಹಾಯಿಸಿ ಕರಗಿಸುವುದು, ಕೆಲಸಗಾರರು ಮೇಲೆ ಹತ್ತಿ ಬಿಸಿನೀರಿನಿಂದ ತೆರವು ಮಾಡುವುದು ಅಲ್ಲಿನ ಪದ್ಧತಿ. ಅಂದು ಬಿದ್ದದ್ದು ಸುಮಾರು 17 ಇಂಚು ಹಿಮ. ಜೊತೆಗೆ ಬಿರುಗಾಳಿ. ಗಾಳಿಯ ಹೊಡೆತದಲ್ಲಿ ಮೇಲೆ ನಿಲ್ಲುವುದು ಅಪಾಯವೆಂದು ಕೆಲಸಗಾರರನ್ನು ಕೆಳಗಿಳಿಸಲಾಯಿತು. ಹಿಮ ಅಲ್ಲೇ ಉಳಿಯಿತು, ಬಟ್ಟೆ ಸೋತಿತು.

ಹಿಮವೊಂದೇ ಬಂದಿದ್ದರೆ ತೆರವು ಮಾಡಬಹುದಿತ್ತು. ಗಾಳಿಯೊಂದೇ ಬಂದಿದ್ದರೆ ಗಾಳಿ ತುಂಬಿದ ಚಾವಣಿ ತಡೆದುಕೊಳ್ಳುತ್ತಿತ್ತೇನೋ. ಎರಡೂ ಒಂದೇ ರಾತ್ರಿ ಬಂದಾಗ ಕಥೆ ಬೇರೆಯಾಯಿತು. ಕಟ್ಟಡದ ಇಂಜಿನಿಯರುಗಳಿಗೆ ಇದು ಹಳೆಯ ತಲೆನೋವು. ಹಿಮದ ಭಾರ ಮತ್ತು ಗಾಳಿಯ ಬಲ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುವುದು ಹೇಗೆ? ಎರಡನ್ನೂ ಕೂಡಿಸಿಬಿಟ್ಟರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಹಾಗೆ ಕೂಡಿಸಿದರೆ ಲೆಕ್ಕ ತಪ್ಪುತ್ತದೆ, ಅದೂ ಜೀವಕ್ಕೆ ಎರವಾಗುವ ಹಾಗೆ.

ಹಿಮದ ತೂಕ ಎಷ್ಟು?

ಮೊದಲು ಹಿಮ ಎಂದರೆ ಯಾವುದು ಎಂಬುದನ್ನು ತಿಳಿಯಬೇಕು. ಗಡಿನಾಡಿನ ಮಾತುಗಳಲ್ಲೇ ಇಲ್ಲೊಂದು ಗೊಂದಲವಿದೆ. ಕಾಸರಗೋಡಿನ ಮಲಯಾಳದಲ್ಲಿ ಮಞ್ಞ್ ಎಂದರೆ ಬೆಳಗಿನ ಮಂಜೂ ಹೌದು, ಹಿಮಾಲಯದ ಹಿಮವೂ ಹೌದು. ರಾಯದುರ್ಗದ ಕಡೆಯ ತೆಲುಗಿನ ಮಂಚು ಕೂಡ ಹಾಗೆಯೇ. ಹೊಸೂರು, ತಾಳವಾಡಿಯ ತಮಿಳಿನಲ್ಲಿ ಪನಿ ಎಂದರೆ ಇಬ್ಬನಿ, ಮಂಜು, ಹಿಮ ಎಲ್ಲವೂ. ನೀಲಗಿರಿಯಲ್ಲಿ ಚಳಿಗಾಲದ ಮುಂಜಾನೆ ಹುಲ್ಲಿನ ಮೇಲೆ ಬೆಳ್ಳಗೆ ಕೂರುವುದು ಹೆಪ್ಪುಗಟ್ಟಿದ ಇಬ್ಬನಿ, ಅದಕ್ಕೆ ತೂಕವೆಂಬುದೇ ಇಲ್ಲ. ಇಲ್ಲಿ ಹೇಳುತ್ತಿರುವುದು ಆಕಾಶದಿಂದ ಹತ್ತಿಯಂತೆ ಉದುರಿ ರಾಶಿ ಬೀಳುವ ಹಿಮ.

ಆಗಷ್ಟೇ ಬಿದ್ದ ಒಣ ಹಿಮ ಬಹಳ ಹಗುರ. ಒಂದು ಘನ ಮೀಟರಿಗೆ ಸುಮಾರು 100 ಕೆ.ಜಿ., ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಅದೇ ಹಿಮ ಕೆಲವು ದಿನ ಅಲ್ಲೇ ಉಳಿದು ಕುಸಿದು ಗಟ್ಟಿಯಾದರೆ 200ರಿಂದ 300 ಕೆ.ಜಿ. ಆಗುತ್ತದೆ. ನೀರು ಹೀರಿದ ಹಿಮ ಇನ್ನೂ ಭಾರ. ಪೂರ್ತಿ ಗಡ್ಡೆ ಕಟ್ಟಿದ ಮಂಜುಗಡ್ಡೆಯಾದರೆ 900 ಕೆ.ಜಿ. ದಾಟುತ್ತದೆ. ಆದ್ದರಿಂದ ಎಷ್ಟು ಅಡಿ ಹಿಮ ಬಿದ್ದಿದೆ ಎಂದು ನೋಡಿ ಭಾರ ಅಳೆಯಲಾಗದು. ಒಂದು ಅಡಿ ಗಟ್ಟಿ ಹಿಮ ಮೂರು ಅಡಿ ಹೊಸ ಹಿಮಕ್ಕೆ ಸಮನಾಗಬಹುದು. ಹಿಮದ ಮೇಲೆ ಮಳೆ ಬಂದರಂತೂ ನೀರು ಹರಿದು ಹೋಗದೆ ಹಿಮದೊಳಗೇ ನಿಲ್ಲುತ್ತದೆ.

ಒಂದು ಲೆಕ್ಕ ನೋಡಿ. 30 ಅಡಿ ಉದ್ದ, 20 ಅಡಿ ಅಗಲದ ಸಾಧಾರಣ ಮನೆ. ಚಾವಣಿಯ ವಿಸ್ತೀರ್ಣ ಸುಮಾರು 56 ಚದರ ಮೀಟರ್. ಅದರ ಮೇಲೆ ಅರ್ಧ ಮೀಟರ್ ದಪ್ಪ ಗಟ್ಟಿ ಹಿಮ, ಘನ ಮೀಟರಿಗೆ 250 ಕೆ.ಜಿ. ಲೆಕ್ಕದಲ್ಲಿ, ಕೂತರೆ ಚದರ ಮೀಟರಿಗೆ 125 ಕೆ.ಜಿ. ಒಟ್ಟು ಸುಮಾರು 7 ಟನ್. ಅಂದರೆ 140 ಚೀಲ ಸಿಮೆಂಟನ್ನು ಮಾಡಿನ ಮೇಲೆ ಹರಡಿಟ್ಟು ತಿಂಗಳುಗಟ್ಟಲೆ ಹಾಗೇ ಬಿಟ್ಟಂತೆ.

ಗಾಳಿ ಮೇಲೆತ್ತುವುದು ಹೇಗೆ?

ಗಾಳಿ ಗೋಡೆಯನ್ನು ತಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಚಾವಣಿಯನ್ನು ಅದು ಬಹುತೇಕ ತಳ್ಳುವುದಿಲ್ಲ, ಎತ್ತುತ್ತದೆ. ಗಾಳಿ ಕಟ್ಟಡವನ್ನು ಏರಿ ದಾಟುವಾಗ ಮಾಡಿನ ಮೇಲೆ ವೇಗ ಹೆಚ್ಚಿ ಒತ್ತಡ ಕಡಿಮೆಯಾಗುತ್ತದೆ. ಒಳಗಿನ ಒತ್ತಡ ಹೆಚ್ಚು, ಹೊರಗಿನದು ಕಡಿಮೆ. ಹಾಗಾಗಿ ಮಾಡನ್ನು ಹೊರಗಿನಿಂದ ಹೀರಿದಂತಾಗುತ್ತದೆ. ಇಳಿಜಾರು ಕಡಿಮೆ ಇದ್ದಷ್ಟೂ ಈ ಹೀರುವಿಕೆ ಹೆಚ್ಚು. ತೀರ ಕಡಿದಾದ ಮಾಡಿನಲ್ಲಿ ಮಾತ್ರ ಗಾಳಿ ಬರುವ ಬದಿ ಒತ್ತಿಸಿಕೊಳ್ಳುತ್ತದೆ, ಗಾಳಿಮರೆಯ ಬದಿ ಹೀರಿಸಿಕೊಳ್ಳುತ್ತದೆ. ಅಂಚು, ಮೂಲೆ, ಸೂರಿನ ಬಳಿ ಈ ಬಲ ನಡುವಿನದಕ್ಕಿಂತ ಎರಡು ಪಟ್ಟಿನಷ್ಟಾಗುವುದೂ ಉಂಟು. ಗಾಳಿಗೆ ಶೀಟು ಹಾರುವಾಗ ಮೊದಲು ಏಳುವುದು ಮೂಲೆಯದ್ದೇ ಎಂಬುದನ್ನು ಹಳ್ಳಿಯವರು ಕಣ್ಣಾರೆ ಕಂಡಿರುತ್ತಾರೆ.

ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಭಾರತೀಯ ಮಾನಕ ಐಎಸ್ 875ರ 3ನೇ ಭಾಗ ದೇಶವನ್ನು ಗಾಳಿಯ ವೇಗದ ಪ್ರಕಾರ ವಲಯಗಳಾಗಿ ವಿಂಗಡಿಸಿದೆ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್, ಚೆನ್ನೈ ಮತ್ತು ವಿಶಾಖಪಟ್ಟಣಕ್ಕೆ 50 ಮೀಟರ್. ಇದು ದಿನನಿತ್ಯದ ಗಾಳಿಯಲ್ಲ, ಸರಾಸರಿ 50 ವರ್ಷಕ್ಕೊಮ್ಮೆ ನಿರೀಕ್ಷಿಸಬಹುದಾದ, ಕೆಲವೇ ಸೆಕೆಂಡು ಇರುವ ಬೀಸು. ಒತ್ತಡಕ್ಕೆ ತಿರುಗಿಸಿದರೆ 33 ಮೀಟರಿಗೆ ಚದರ ಮೀಟರಿಗೆ ಸುಮಾರು 66 ಕೆ.ಜಿ., 39 ಮೀಟರಿಗೆ 93 ಕೆ.ಜಿ., 50 ಮೀಟರಿಗೆ 150 ಕೆ.ಜಿ.ಗೂ ಮಿಕ್ಕಿ.

ಕೂಡಿಸಿದರೆ ಏಕೆ ತಪ್ಪು?

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ಚಾವಣಿಯ ಸ್ವಂತ ತೂಕ ಚದರ ಮೀಟರಿಗೆ 50 ಕೆ.ಜಿ. ಎಂದಿಟ್ಟುಕೊಳ್ಳಿ. ಹಿಮದ ಭಾರ 200 ಕೆ.ಜಿ. ಗಾಳಿ ಮೇಲೆತ್ತುವ ಬಲ 90 ಕೆ.ಜಿ. ಎಲ್ಲವನ್ನೂ ಒಟ್ಟಿಗೆ ಸೇರಿಸಿದರೆ 50ಕ್ಕೆ 200 ಕೂಡಿಸಿ 90 ಕಳೆಯಬೇಕು. ಉಳಿಯುವುದು 160. ಹಿಮವೊಂದೇ ಇದ್ದಾಗಿನ 250ಕ್ಕಿಂತ ಇದು ಕಡಿಮೆ! ಗಾಳಿ ಬಂದದ್ದರಿಂದ ಮಾಡಿಗೆ ಉಪಕಾರವಾಯಿತು ಎಂದು ಕಾಗದ ಹೇಳುತ್ತದೆ. ಇಂಥ ಲೆಕ್ಕ ನಂಬಿ ಕಟ್ಟಿದರೆ ಗಾಳಿಯಿಲ್ಲದ ರಾತ್ರಿ ಹಿಮಕ್ಕೆ ಮಾಡು ಕುಸಿಯುತ್ತದೆ, ಹಿಮವಿಲ್ಲದ ದಿನ ಗಾಳಿಗೆ ಹಾರುತ್ತದೆ.

ಆದ್ದರಿಂದ ಇಂಜಿನಿಯರುಗಳು ಒಂದು ಲೆಕ್ಕ ಹಾಕುವುದಿಲ್ಲ, ಹಲವು ಹಾಕುತ್ತಾರೆ. ಪ್ರತಿಯೊಂದರಲ್ಲೂ ಒಂದು ಭಾರವನ್ನು ಯಜಮಾನನ ಸ್ಥಾನದಲ್ಲಿ ಕೂರಿಸಿ ಪೂರ್ತಿ ಲೆಕ್ಕಕ್ಕೆ ಹಿಡಿಯುತ್ತಾರೆ, ಇನ್ನೊಂದನ್ನು ಜೊತೆಗಾರನಂತೆ ಭಾಗಶಃ ಹಿಡಿಯುತ್ತಾರೆ. ಐವತ್ತು ವರ್ಷಕ್ಕೊಮ್ಮೆ ಬರುವ ಹಿಮವೂ ಐವತ್ತು ವರ್ಷಕ್ಕೊಮ್ಮೆ ಬರುವ ಗಾಳಿಯೂ ಒಂದೇ ಗಳಿಗೆಗೆ ಬರುವ ಸಂಭವ ತೀರ ಕಡಿಮೆ. ಆದರೆ ದೊಡ್ಡ ಹಿಮ ಬಿದ್ದಾಗ ಒಂದಿಷ್ಟು ಗಾಳಿ ಇದ್ದೇ ಇರುತ್ತದೆ. ಮಗಳ ಮದುವೆಗೆಂದು ಹಣ ಕೂಡಿಡುವ ರೈತ ಅದೇ ವಾರ ಬೋರ್‌ವೆಲ್ ಪೂರ್ತಿ ಕೆಡುತ್ತದೆ ಎಂದು ಎರಡಕ್ಕೂ ಪೂರ್ತಿ ಹಣ ಇಡುವುದಿಲ್ಲ. ಹಾಗೆಂದು ಪಂಪಿನ ಸಣ್ಣ ರಿಪೇರಿಗೂ ಕೈಯಲ್ಲಿ ಕಾಸಿಲ್ಲದಂತೆ ಮದುವೆಗೆ ಖರ್ಚು ಮಾಡುವುದೂ ಇಲ್ಲ. ಲೆಕ್ಕ ಅಂಥದ್ದೇ.

ಯುರೋಪಿನ ಸಂಹಿತೆಯಲ್ಲಿ ಇದಕ್ಕೆ ನಿರ್ದಿಷ್ಟ ಗುಣಕಗಳಿವೆ. ಸ್ವಂತ ತೂಕವನ್ನು 1.35ರಿಂದಲೂ ಮುಖ್ಯ ಭಾರವನ್ನು 1.5ರಿಂದಲೂ ಗುಣಿಸುತ್ತಾರೆ. ಹಿಮ ಮುಖ್ಯವಾದಾಗ ಗಾಳಿಯನ್ನು ಅದರ ಶೇ. 60ರಷ್ಟು ಮಾತ್ರ ಹಿಡಿಯುತ್ತಾರೆ. ಗಾಳಿ ಮುಖ್ಯವಾದಾಗ ಹಿಮವನ್ನು ಶೇ. 50ರಷ್ಟು, ಸಮುದ್ರಮಟ್ಟದಿಂದ 1000 ಮೀಟರಿಗಿಂತ ಎತ್ತರದ ಊರಾದರೆ ಶೇ. 70ರಷ್ಟು ಹಿಡಿಯುವುದು ಸಾಮಾನ್ಯ ನಿಯಮ. ಎತ್ತರದ ಊರಿನಲ್ಲಿ ಹಿಮ ಬಹುಕಾಲ ನಿಲ್ಲುವುದರಿಂದ, ಗಾಳಿ ಬಂದಾಗ ಮಾಡಿನ ಮೇಲೆ ಹಿಮ ಇರುವ ಸಂಭವ ಹೆಚ್ಚು.

ಭಾರತದಲ್ಲಿ ಐಎಸ್ 875ರ 4ನೇ ಭಾಗ ಹಿಮಕ್ಕೆ, 5ನೇ ಭಾಗ ಭಾರಗಳ ಜೋಡಣೆಗೆ ಮೀಸಲು. ಹಿಮ ಬೀಳುವ ಕಡೆ ಮಾಡಿನ ಮೇಲೆ ಜನ ಓಡಾಡುವ ಭಾರದ ಬದಲು ಹಿಮದ ಭಾರವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು 5ನೇ ಭಾಗ ಹೇಳುತ್ತದೆ.

ಮೇಲಿನ ಉದಾಹರಣೆಗೇ ಯುರೋಪಿನ ಗುಣಕ ಹಾಕಿ ನೋಡೋಣ. ಹಿಮ ಮುಖ್ಯವಾದ ಲೆಕ್ಕದಲ್ಲಿ ಮೇಲೆತ್ತುವ ಗಾಳಿಯನ್ನು ಸೇರಿಸುವಂತೆಯೇ ಇಲ್ಲ, ಏಕೆಂದರೆ ಅದು ಸಹಾಯ ಮಾಡುತ್ತಿದೆ. ಸಹಾಯ ಮಾಡುವ ಭಾರವನ್ನು ನಂಬಬಾರದು ಎಂಬುದು ಇಲ್ಲಿನ ಕಟ್ಟುನಿಟ್ಟಿನ ನಿಯಮ. ಆಗ ಕೆಳಮುಖ ಭಾರ ಸುಮಾರು 367 ಕೆ.ಜಿ. ಇನ್ನೊಂದು ಲೆಕ್ಕದಲ್ಲಿ ಗಾಳಿಯೇ ಯಜಮಾನ. ಅಲ್ಲಿ ಹಿಮ ಸಹಾಯ ಮಾಡುವುದರಿಂದ ಅದನ್ನು ಸೊನ್ನೆ ಎಂದು ಹಿಡಿಯುತ್ತಾರೆ. ಸ್ವಂತ ತೂಕವನ್ನೂ ಪೂರ್ತಿ ನಂಬದೆ ಶೇ. 90ರಷ್ಟು ಅಂದರೆ 45 ಕೆ.ಜಿ. ಮಾತ್ರ ಹಿಡಿದು, ಗಾಳಿಯನ್ನು ಒಂದೂವರೆ ಪಟ್ಟು ಅಂದರೆ 135 ಕೆ.ಜಿ. ಮಾಡುತ್ತಾರೆ. ಉತ್ತರ: ಚದರ ಮೀಟರಿಗೆ 90 ಕೆ.ಜಿ. ಮೇಲ್ಮುಖ. ಒಂದೇ ಮಾಡು 367 ಕೆ.ಜಿ. ಹೊರಲೂ ಬೇಕು, 90 ಕೆ.ಜಿ. ಎಳೆತಕ್ಕೆ ಕಿತ್ತು ಹೋಗದಂತೆ ಕೆಳಗೆ ಕಟ್ಟಿಹಾಕಿರಲೂ ಬೇಕು. 160 ಎಂಬ ಸಂಖ್ಯೆ ಎಲ್ಲೂ ಉಪಯೋಗಕ್ಕೆ ಬರುವುದಿಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಬ್ಬಿಣದ ಟ್ರಸ್ಸಿನಲ್ಲಿ ಹಿಮ ಒತ್ತಿದಾಗ ಮೇಲಿನ ಪಟ್ಟಿ ಅದುಮಿಕೊಳ್ಳುತ್ತದೆ, ಕೆಳಗಿನ ಪಟ್ಟಿ ಹಗ್ಗದಂತೆ ಎಳೆದುಕೊಳ್ಳುತ್ತದೆ. ಎಳೆಯುವ ಬಲಕ್ಕೆ ತೆಳ್ಳಗಿನ ಸರಳೂ ಸಾಕು. ಆದರೆ ಗಾಳಿ ಎತ್ತಿದಾಗ ಎಲ್ಲವೂ ತಿರುಗುಮುರುಗು. ಹಗ್ಗದಂತಿದ್ದ ಕೆಳಗಿನ ಸರಳು ಈಗ ಊರುಗೋಲಿನಂತೆ ಒತ್ತಡ ತಡೆಯಬೇಕು. ತೆಳ್ಳಗಿನ ಉದ್ದನೆಯ ಸರಳು ಅದನ್ನು ತಡೆಯಲಾರದೆ ಬಿಲ್ಲಿನಂತೆ ಬಾಗಿ ಕೈಬಿಡುತ್ತದೆ. ಹಿಮಕ್ಕೆ ಗಟ್ಟಿಮುಟ್ಟಾಗಿದ್ದ ಶೆಡ್ಡು ಬೇಸಿಗೆಯ ಬಿರುಗಾಳಿಗೆ ಬೀಳುವ ಕಾರಣ ಹಲವು ಕಡೆ ಇದೇ.

ಗಾಳಿ ಹಿಮವನ್ನು ಹೊತ್ತೊಯ್ದಾಗ

ಇಲ್ಲಿಯವರೆಗೆ ಹಿಮ ಸಮನಾಗಿ ಹರಡಿದೆ ಎಂದು ಭಾವಿಸಿದ್ದಾಯಿತು. ವಾಸ್ತವದಲ್ಲಿ ಗಾಳಿ ಮಾಡುವ ದೊಡ್ಡ ಕಿಡಿಗೇಡಿತನ ಎತ್ತುವುದಲ್ಲ, ಹಿಮವನ್ನು ಒಂದು ಕಡೆಯಿಂದ ಗುಡಿಸಿ ಇನ್ನೊಂದು ಕಡೆ ರಾಶಿ ಹಾಕುವುದು. ಕಣದಲ್ಲಿ ರಾಗಿ ತೂರುವಾಗ ಹೊಟ್ಟು ಗಾಳಿ ಬೀಸುವ ಕಡೆಗೆ ಹಾರಿ, ಗಾಳಿ ಮೆತ್ತಗಾಗುವ ಜಾಗದಲ್ಲಿ ಗುಡ್ಡೆ ಬೀಳುವುದಲ್ಲವೇ, ಹಾಗೆ.

ಎರಡು ಇಳಿಜಾರಿನ ಮಾಡಿನಲ್ಲಿ ಗಾಳಿ ಬರುವ ಬದಿಯ ಹಿಮ ಕೂಂಬೆ ದಾಟಿ ಮರೆಯ ಬದಿಗೆ ಬೀಳುತ್ತದೆ. ಒಂದು ಕಡೆ ಬರಿದು, ಇನ್ನೊಂದು ಕಡೆ ಇಮ್ಮಡಿ. ಒಟ್ಟು ಭಾರ ಮೊದಲಿನಷ್ಟೇ ಇರಬಹುದು, ಕಡಿಮೆಯೂ ಆಗಿರಬಹುದು. ಆದರೂ ಅಪಾಯ ಹೆಚ್ಚು. ಕಾವಡಿ ಹೊತ್ತವರಿಗೆ ಇದನ್ನು ವಿವರಿಸಬೇಕಿಲ್ಲ. ಎರಡೂ ತುದಿಗೆ 20 ಕೆ.ಜಿ. ಇದ್ದರೆ ಹೊತ್ತು ನಡೆಯಬಹುದು, ಒಂದೇ ತುದಿಗೆ 25 ಕೆ.ಜಿ. ತೂಗಿಸಿದರೆ ಹತ್ತು ಹೆಜ್ಜೆಯೂ ಆಗದು. ಕಮಾನಿನಾಕಾರದ ಚಾವಣಿಗಳಿಗೆ ಈ ಒಮ್ಮುಖ ಭಾರ ಇನ್ನೂ ಕೆಟ್ಟದ್ದು. ಆದ್ದರಿಂದಲೇ ಮಾನಕಗಳು ಸಮಭಾರದ ಲೆಕ್ಕದ ಜೊತೆಗೆ ಒಂದು ಬದಿಗೆ ಮಾತ್ರ ಹೆಚ್ಚು ಹಿಮವಿರುವ ಲೆಕ್ಕವನ್ನೂ ಕಡ್ಡಾಯ ಮಾಡಿವೆ.

ಇದಕ್ಕಿಂತ ಮೋಸದ ಜಾಗ ಎತ್ತರದ ಕಟ್ಟಡಕ್ಕೆ ಅಂಟಿಕೊಂಡ ತಗ್ಗಿನ ಮಾಡು. ಹಳೆ ಮನೆಯ ಪಕ್ಕ ಆಮೇಲೆ ಕಟ್ಟಿದ ಕೊಟ್ಟಿಗೆ, ಗ್ಯಾರೇಜು, ವರಾಂಡ. ಮೇಲಿನ ಮಾಡಿನ ಹಿಮವನ್ನು ಗಾಳಿ ತಂದು ಈ ಮೂಲೆಯಲ್ಲಿ ಸುರಿಯುತ್ತದೆ, ಜೊತೆಗೆ ಮೇಲಿಂದ ಜಾರಿ ಬೀಳುವುದೂ ಇಲ್ಲಿಗೇ. ಇಂಥ ಕಡೆ ಯುರೋಪಿನ ಸಂಹಿತೆ ಗಾಳಿ ತಂದ ಹಿಮಕ್ಕೇ ನೆಲದ ಹಿಮದ ಭಾರದ 4 ಪಟ್ಟಿನವರೆಗೂ ಗುಣಕ ಹಿಡಿಯಲು ಹೇಳುತ್ತದೆ. ಹತ್ತಾರು ವರ್ಷ ಗಟ್ಟಿಯಾಗಿ ನಿಂತಿದ್ದ ತಗ್ಗಿನ ಕಟ್ಟಡ, ಪಕ್ಕದವರು ಎತ್ತರದ ಕಟ್ಟಡ ಕಟ್ಟಿದ ಮೇಲೆ ಮೊದಲ ಹಿಮಕ್ಕೇ ಅಪಾಯಕ್ಕೆ ಸಿಲುಕಬಹುದು. ತನ್ನದಲ್ಲದ ತಪ್ಪಿಗೆ!

ಗಾಳಿಯಿಂದ ಉಪಕಾರವೂ ಇಲ್ಲದಿಲ್ಲ. ಬಯಲಿನಲ್ಲಿರುವ ಮಾಡಿನ ಹಿಮವನ್ನು ಗಾಳಿ ಒಂದಿಷ್ಟು ಹಾರಿಸಿಬಿಡುತ್ತದೆ. ಅದಕ್ಕೇ ಮಾಡಿನ ಹಿಮದ ಭಾರವನ್ನು ನೆಲದ ಹಿಮಕ್ಕಿಂತ ಕಡಿಮೆ ಹಿಡಿಯುವುದುಂಟು. ಯುರೋಪಿನ ಲೆಕ್ಕದಲ್ಲಿ 30 ಡಿಗ್ರಿವರೆಗಿನ ಇಳಿಜಾರಿಗೆ 0.8, ಅಲ್ಲಿಂದ ಇಳಿಯುತ್ತ 60 ಡಿಗ್ರಿಗೆ ಸೊನ್ನೆ. ಅಷ್ಟು ಕಡಿದಾದ ಮಾಡಿನ ಮೇಲೆ ಹಿಮ ನಿಲ್ಲುವುದಿಲ್ಲ.

ದೊಡ್ಡ ಕಟ್ಟಡಗಳಿಗೆ ಪುಸ್ತಕದ ಗುಣಕ ಸಾಲದು. ಮಾದರಿ ಮಾಡಿ ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸುತ್ತಾರೆ. ಫ್ರಾನ್ಸಿನ ನಾಂತ್ ನಗರದಲ್ಲಿರುವ ಜೂಲ್ಸ್ ವರ್ನ್ ಸುರಂಗದಲ್ಲಿ ಕೃತಕವಾಗಿ ಹಿಮವನ್ನೇ ಸುರಿಸಿ ನೋಡುವ ಸೌಲಭ್ಯವಿದೆ. ಮೆಟ್ರೋಡೋಮ್ ಕೆಡವಿದ ಜಾಗದಲ್ಲಿ 2016ರಲ್ಲಿ ತೆರೆದ ಹೊಸ ಕ್ರೀಡಾಂಗಣಕ್ಕೆ ಬಲೂನಿನಂಥ ಚಾವಣಿ ಬೇಡವೆಂದು ಕಡಿದಾದ ಇಳಿಜಾರಿನ ಗಟ್ಟಿ ಚಾವಣಿಯನ್ನೇ ಕಟ್ಟಿದ್ದಾರೆ.

ತಪ್ಪು ಹಿಮದ್ದಲ್ಲ

ಹಿಮಕ್ಕೆ ಚಾವಣಿ ಕುಸಿದ ಸುದ್ದಿ ಬಂದಾಗಲೆಲ್ಲ ಪ್ರಕೃತಿಯ ಮುನಿಸು ಎನ್ನುವುದು ರೂಢಿ. ತನಿಖೆಗಳು ಬೇರೆ ಮಾತು ಹೇಳುತ್ತವೆ.

1978ರ ಜನವರಿ 18ರ ನಸುಕಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ಒಳಾಂಗಣ ಕ್ರೀಡಾಂಗಣದ ಸುಮಾರು 1,400 ಟನ್ ತೂಕದ ಉಕ್ಕಿನ ಚಾವಣಿ ನೆಲಕ್ಕೆ ಬಿತ್ತು. ಕೆಲವೇ ಗಂಟೆ ಮೊದಲು ಅಲ್ಲಿ ಸುಮಾರು 5,000 ಜನ ಬಾಸ್ಕೆಟ್‌ಬಾಲ್ ಪಂದ್ಯ ನೋಡಿ ಮನೆಗೆ ಹೋಗಿದ್ದರು. ಅಂದಿನ ಹಿಮ, ಮಂಜುಗಡ್ಡೆ ಅಸಾಧಾರಣವೇನಲ್ಲ. ವಿನ್ಯಾಸದಲ್ಲಿ ಚಾವಣಿಯ ಸ್ವಂತ ತೂಕವನ್ನೇ ಸುಮಾರು ಶೇ. 20ರಷ್ಟು ಕಡಿಮೆ ಹಿಡಿಯಲಾಗಿತ್ತು. ಮೇಲಿನ ಸರಳುಗಳು ಪಕ್ಕಕ್ಕೆ ಬಾಗದಂತೆ ಕೊಡಬೇಕಾದ ಆಸರೆ ಸಾಲದಾಗಿತ್ತು. ಕಟ್ಟುವಾಗಲೇ ಚೌಕಟ್ಟು ಲೆಕ್ಕಕ್ಕಿಂತ ಸುಮಾರು ಎರಡು ಪಟ್ಟು ಬಾಗಿತ್ತು. ಕಂಪ್ಯೂಟರ್ ಲೆಕ್ಕ ಹಾಕಿದೆ ಎಂಬ ಭರವಸೆಯಲ್ಲಿ ಆ ಎಚ್ಚರಿಕೆಯನ್ನು ಬದಿಗೊತ್ತಲಾಯಿತು.

2006ರ ಜನವರಿ ತಿಂಗಳೊಂದರಲ್ಲೇ ಯುರೋಪಿನಲ್ಲಿ ಎರಡು ದುರಂತ. ಜನವರಿ 2ರಂದು ಜರ್ಮನಿಯ ಬಾಡ್ ರೈಷನ್‌ಹಾಲ್ ಎಂಬಲ್ಲಿ ಐಸ್ ಸ್ಕೇಟಿಂಗ್ ಭವನದ ಮರದ ಚಾವಣಿ ಕುಸಿದು 15 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಮರದ ತೊಲೆಗಳನ್ನು ಅಂಟಿಸಿದ್ದ ಅಂಟು ತೇವ ತಡೆಯುವಂಥದ್ದಲ್ಲ. ಮೂರು ದಶಕಗಳ ತೇವಕ್ಕೆ ಅದು ಸಡಿಲಗೊಂಡಿತ್ತು. ಜನವರಿ 28ರಂದು ಪೋಲೆಂಡಿನ ಕಟೋವಿಟ್ಸೆ ನಗರದ ಬಳಿಯ ವಸ್ತುಪ್ರದರ್ಶನ ಭವನದಲ್ಲಿ ಪಾರಿವಾಳ ಸಾಕುವವರ ಪ್ರದರ್ಶನ ನಡೆಯುತ್ತಿತ್ತು. ಚಾವಣಿ ಬಿದ್ದು 65 ಮಂದಿ ಅಸುನೀಗಿದರು, 170ಕ್ಕೂ ಹೆಚ್ಚು ಜನ ಗಾಯಗೊಂಡರು. ಹಿಮ, ಮಂಜುಗಡ್ಡೆ ತೆರವು ಮಾಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ವಿನ್ಯಾಸದಲ್ಲೇ ಗಂಭೀರ ತಪ್ಪುಗಳಿದ್ದವು. ವಿನ್ಯಾಸಕಾರ ಸೇರಿದಂತೆ ಕೆಲವರಿಗೆ ನ್ಯಾಯಾಲಯ ಶಿಕ್ಷೆ ವಿಧಿಸಿತು.

ಕೈಮುಗಿದ ಮನೆಗಳು

ಸಂಹಿತೆ, ಗುಣಕ, ಕಂಪ್ಯೂಟರ್ ಯಾವುದೂ ಇಲ್ಲದ ಕಾಲದಲ್ಲಿ ಹಿಮ ಮತ್ತು ಗಾಳಿ ಎರಡಕ್ಕೂ ಒಗ್ಗಿದ ಮನೆ ಕಟ್ಟಿದವರಿದ್ದಾರೆ. ಜಪಾನಿನ ಶಿರಕಾವಾ-ಗೋ ಮತ್ತು ಗೋಕಾಯಾಮ ಕಣಿವೆಯ ಹಳ್ಳಿಗಳು ಇದಕ್ಕೆ ಒಳ್ಳೆಯ ಉದಾಹರಣೆ. 1995ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಹುಲ್ಲಿನ ಮನೆಗಳಿಗೆ ಗಶ್ಶೋ ಶೈಲಿ ಎಂದು ಹೆಸರು. ಗಶ್ಶೋ ಎಂದರೆ ಕೈಮುಗಿಯುವುದು. ಎರಡು ಅಂಗೈ ಜೋಡಿಸಿದಂತೆ ಮಾಡು ಸುಮಾರು 60 ಡಿಗ್ರಿ ಕಡಿದಾಗಿರುತ್ತದೆ. ಭಾರಿ ಹಿಮ ಬೀಳುವ ಊರಿನಲ್ಲಿ ಅದು ಬಹಳ ಹೊತ್ತು ನಿಲ್ಲದೆ ಜಾರುತ್ತದೆ.

ಆದರೆ ಮಾಡು ಕಡಿದಾದಷ್ಟೂ ಗಾಳಿಗೆ ಅದು ಹಾಯಿಯಂತೆ ಅಡ್ಡ ನಿಲ್ಲುತ್ತದೆ. ಹಿಮಕ್ಕೆ ಒಳ್ಳೆಯದು ಗಾಳಿಗೆ ಕೆಟ್ಟದ್ದು. ಆ ಹಳ್ಳಿಗರು ಇದಕ್ಕೆ ಕಂಡುಕೊಂಡ ಉಪಾಯ ಸರಳ. ಕಣಿವೆಯ ಉದ್ದಕ್ಕೆ, ಉತ್ತರ ದಕ್ಷಿಣವಾಗಿ ಗಾಳಿ ಬೀಸುತ್ತದೆ. ಮನೆಗಳನ್ನೂ ಅದೇ ದಿಕ್ಕಿಗೆ ಸಾಲಾಗಿ ನಿಲ್ಲಿಸಿದರು. ಮಾಡಿನ ಅಗಲವಾದ ಮೈ ಗಾಳಿಗೆ ಎದುರಾಗುವುದಿಲ್ಲ, ತ್ರಿಕೋನದ ಕಿರಿದಾದ ಬದಿ ಮಾತ್ರ ಎದುರಾಗುತ್ತದೆ. ಇದರಿಂದ ಇನ್ನೊಂದು ಲಾಭ, ಬೆಳಗ್ಗೆ ಒಂದು ಬದಿಗೆ ಮಧ್ಯಾಹ್ನ ಇನ್ನೊಂದು ಬದಿಗೆ ಬಿಸಿಲು ಬಿದ್ದು ಎರಡೂ ಕಡೆಯ ಹಿಮ ಕರಗುತ್ತದೆ. ಒಮ್ಮುಖ ಭಾರದ ಚಿಂತೆ ಕಡಿಮೆ.

ಮಾಡಿನ ಕಟ್ಟಿಗೆಗೆ ಮೊಳೆ ಹೊಡೆಯುವುದಿಲ್ಲ. ಹುಲ್ಲಿನ ಹಗ್ಗ ಮತ್ತು ಹಸಿ ಬಳ್ಳಿಯಂಥ ಕೋಲುಗಳಿಂದ ಬಿಗಿಯುತ್ತಾರೆ. ಪಕ್ಕಾಸಿನ ಕೆಳತುದಿಯನ್ನು ಪೆನ್ಸಿಲಿನಂತೆ ಚೂಪಾಗಿ ಕೆತ್ತಿ ತೊಲೆಯ ಗುಳಿಯಲ್ಲಿ ಕೂರಿಸಿರುತ್ತಾರೆ. ಗಾಳಿ ಬಂದಾಗ ಇಡೀ ಮಾಡು ಒಂದಿಷ್ಟು ತೂಗಾಡುತ್ತದೆ, ಮುರಿಯುವುದಿಲ್ಲ. ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಹುಲ್ಲು ಹೊದಿಸುವಾಗ ಊರಿಗೆ ಊರೇ ಸೇರುತ್ತದೆ. ಈ ಪದ್ಧತಿಗೆ ಅಲ್ಲಿ ಯುಇ ಎನ್ನುತ್ತಾರೆ. ಕನ್ನಡದ ಹಳ್ಳಿಗಳ ಮುಯ್ಯಾಳು ಪದ್ಧತಿ ಇದಕ್ಕಿಂತ ಬೇರೆಯಲ್ಲ.

ಆಲ್ಪ್ಸ್ ಪರ್ವತದ ಹಳೆಯ ಮನೆಗಳವರು ತದ್ವಿರುದ್ಧ ದಾರಿ ಹಿಡಿದರು. ಅವರ ಮಾಡಿನ ಇಳಿಜಾರು ಕಡಿಮೆ. ಹಿಮ ಜಾರದೆ ಅಲ್ಲೇ ಕೂತು ಕಂಬಳಿಯಂತೆ ಮನೆಯನ್ನು ಬೆಚ್ಚಗಿಡಲಿ ಎಂಬುದು ಉದ್ದೇಶ. ಭಾರ ಹೊರಲು ದಪ್ಪ ತೊಲೆಗಳು. ಗಾಳಿ ಎತ್ತದಂತೆ ಹಲಗೆಗಳ ಮೇಲೆ ಕಲ್ಲುಗಳ ಸಾಲು. ಹಿಮಾಚಲದ ಹಳೆಯ ಮನೆಗಳ ದಪ್ಪ ಸ್ಲೇಟು ಕಲ್ಲಿನ ಹೊದಿಕೆಯೂ ತನ್ನ ತೂಕದಿಂದಲೇ ಗಾಳಿಗೆ ಜಗ್ಗುವುದಿಲ್ಲ. ಕಾಶ್ಮೀರದಲ್ಲಿ ಕಡಿದಾದ ತಗಡಿನ ಮಾಡು, ಹಿಮ ಕಡಿಮೆ ಬೀಳುವ ಲಡಾಖಿನಲ್ಲಿ ಮಣ್ಣಿನ ಸಪಾಟು ಮಾಡು. ಅಲ್ಲಿ ಬಿದ್ದ ಹಿಮವನ್ನು ಮನೆಯವರೇ ಹತ್ತಿ ಗುಡಿಸಿ ಹಾಕುತ್ತಾರೆ.

ಹಿಮವಿಲ್ಲದ ಊರಿನ ಶೀಟಿನ ಮಾಡು

ಗಡಿನಾಡಿನ ಹಳ್ಳಿಗಳಲ್ಲಿ ಹಿಮ ಬೀಳುವುದಿಲ್ಲ. ಆದರೆ ಮೇಲಿನ ಎರಡನೇ ಲೆಕ್ಕ, ಅಂದರೆ ಶೇ. 90 ತೂಕ ಮತ್ತು ಒಂದೂವರೆ ಪಟ್ಟು ಗಾಳಿಯ ಲೆಕ್ಕ, ಇಲ್ಲಿಗೆ ನೇರವಾಗಿ ಅನ್ವಯಿಸುತ್ತದೆ. ಭಾರತದ ಮಾನಕಗಳಲ್ಲೂ ಇದೇ 0.9 ಮತ್ತು 1.5 ಇವೆ.

ಮಂಗಳೂರು ಹಂಚಿನ ಮಾಡು, ರೀಪು ಸೇರಿ, ಚದರ ಮೀಟರಿಗೆ ಸುಮಾರು 65 ಕೆ.ಜಿ. ತೂಗುತ್ತದೆ. ತಗಡಿನ ಶೀಟು 5ರಿಂದ 6 ಕೆ.ಜಿ. ಹಂಚು ತೆಗೆದು ಶೀಟು ಹಾಕಿದಾಗ ಗೋಡೆಯ ಭಾರ ಇಳಿಯಿತು ಎಂಬುದು ನಿಜ. ಗಾಳಿಯನ್ನು ತಡೆದು ಹಿಡಿದಿದ್ದ 60 ಕೆ.ಜಿ. ಕೂಡ ಅದರೊಡನೆ ಹೋಯಿತು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. 10 ಅಡಿ ಉದ್ದ, 3 ಅಡಿ ಅಗಲದ ಒಂದು ಶೀಟು ಸುಮಾರು 15 ಕೆ.ಜಿ. ಇರುತ್ತದೆ. ಸೆಕೆಂಡಿಗೆ 33 ಮೀಟರ್ ಗಾಳಿ ಅದನ್ನು 185 ಕೆ.ಜಿ. ಆಸುಪಾಸಿನ ಬಲದಿಂದ ಎತ್ತಬಲ್ಲದು, 39 ಮೀಟರಾದರೆ 260 ಕೆ.ಜಿ. ಮೇಲೆ ನಾಲ್ಕು ಕಲ್ಲು, ಎರಡು ಮರಳು ಚೀಲ ಇಟ್ಟು ನೆಮ್ಮದಿಯಾಗಿರುವುದು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಹಾರುವ ಶೀಟಿನ ಜೊತೆ ಕಲ್ಲೂ ಹಾರಿ ಬಂದು ಕೆಳಗಿದ್ದವರ ಮೇಲೆ ಬಿದ್ದರೆ ಇನ್ನೂ ಅನಾಹುತ.

ಬಿರುಗಾಳಿ ಬಂದಾಗ ಒಳಗಿನ ಗಾಳಿ ಹೊರಹೋಗಲಿ ಎಂದು ಗಾಳಿ ಬರುವ ಕಡೆಯ ಬಾಗಿಲು ತೆರೆದಿಡುವವರಿದ್ದಾರೆ. ಇದು ಪೂರ್ತಿ ಉಲ್ಟಾ. ಆ ಬಾಗಿಲಿನಿಂದ ಗಾಳಿ ನುಗ್ಗಿ ಒಳಗಿನಿಂದಲೂ ಮಾಡನ್ನು ಒತ್ತುತ್ತದೆ. ಮೇಲಿನ ಹೀರುವಿಕೆ, ಒಳಗಿನ ಒತ್ತು ಎರಡೂ ಒಂದೇ ದಿಕ್ಕಿಗೆ ಸೇರುತ್ತವೆ. ಒಂದು ಬದಿ ಪೂರ್ತಿ ತೆರೆದಿರುವ ಕೊಟ್ಟಿಗೆ, ಹುಲ್ಲಿನ ಶೆಡ್ಡುಗಳು ಮನೆಗಿಂತ ಬೇಗ ಹಾರುವುದಕ್ಕೆ ಕಾರಣ ಇದೇ. ತೆರೆದ ಬದಿ ಗಾಳಿಮಳೆ ಬರುವ ದಿಕ್ಕಿಗೆ ಇರದಂತೆ ಶೆಡ್ಡು ಕಟ್ಟಿಸಿದರೆ ಒಂದು ಪೈಸೆ ಖರ್ಚಿಲ್ಲದೆ ಅರ್ಧ ಅಪಾಯ ತಪ್ಪುತ್ತದೆ.

ಉಳಿದದ್ದು ಬಿಗಿತದ ಕೆಲಸ. 33 ಮೀಟರ್ ವಲಯದಲ್ಲಿ ಶೀಟಿನ ತೂಕದ ಶೇ. 90 ಅಂದರೆ 5 ಕೆ.ಜಿ., ಗಾಳಿಯ ಒಂದೂವರೆ ಪಟ್ಟು ಅಂದರೆ ಸುಮಾರು 100 ಕೆ.ಜಿ. ಪ್ರತಿ ಚದರ ಮೀಟರಿನಲ್ಲಿ ಸುಮಾರು 95 ಕೆ.ಜಿ. ಎಳೆತವನ್ನು ಬೋಲ್ಟುಗಳು ತಡೆಯಬೇಕು. ಚದರ ಮೀಟರಿಗೆ ನಾಲ್ಕು ಬೋಲ್ಟು ಇದ್ದರೆ ತಲಾ 24 ಕೆ.ಜಿ. ಒಂದೇ ಇದ್ದರೆ ಅದರ ಪಾಲಿಗೆ ಪೂರ್ತಿ 95. ಸೂರು, ಕೂಂಬೆ, ಎರಡು ತುದಿಗಳಲ್ಲಿ ಬಲ ಎರಡು ಪಟ್ಟಾಗುವುದರಿಂದ ಅಲ್ಲಿ ಬೋಲ್ಟುಗಳು ಇನ್ನೂ ಹತ್ತಿರ ಹತ್ತಿರ ಇರಬೇಕು. ಶೀಟನ್ನು ಪಟ್ಟಿಗೆ ಬಿಗಿದರಷ್ಟೇ ಸಾಲದು. ಪಟ್ಟಿ ಟ್ರಸ್ಸಿಗೆ, ಟ್ರಸ್ಸು ಗೋಡೆಗೆ, ಗೋಡೆ ಅಡಿಪಾಯಕ್ಕೆ ಕಟ್ಟಿಕೊಂಡಿರಬೇಕು. ಗೋಡೆಯ ಮೇಲೆ ಟ್ರಸ್ಸನ್ನು ಸುಮ್ಮನೆ ಇಟ್ಟು ಸುತ್ತ ಗಾರೆ ಮೆತ್ತುವ ಕಡೆ ಶೀಟು ಬಿಡದೆ ಇಡೀ ಮಾಡೇ ಎದ್ದು ಬರುತ್ತದೆ. ಗೋಡೆ ಕಟ್ಟುವಾಗಲೇ ಕಾಂಕ್ರೀಟಿನಲ್ಲಿ ಬೋಲ್ಟು ಹೂತಿಡುವುದು ಇದಕ್ಕೆ ಪರಿಹಾರ. ಬೋಲ್ಟು ಗಟ್ಟಿಯಿದ್ದರೂ ತೆಳು ತಗಡು ಅದರ ತಲೆಯ ಸುತ್ತ ಹರಿದು ಕಳಚಿಕೊಳ್ಳುವುದುಂಟು. ಅಗಲವಾದ ವಾಷರ್ ಹಾಕುವುದು ಅದಕ್ಕೇ. ವಾಷರಿನ ಕೆಳಗಿನ ರಬ್ಬರು ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದ್ದರೆ, ಬೋಲ್ಟು ತುಕ್ಕು ಹಿಡಿದಿದ್ದರೆ ಮುಂಗಾರಿನ ಮೊದಲ ಗಾಳಿಗೆ ಮುನ್ನ ಬದಲಿಸಬೇಕು.